ಬೀಗ ಹಾಕಿದ ಕೈಯಲ್ಲೇ ಕೀಲಿಕೈ

ಪ್ರಶ್ನೆ: ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡುವವಳು. ಕಂಪ್ಯೂಟರಿನ ಮುಂದೆ ಕೂತರೆ ಸುದ್ದಿತಾಣ, ಅಲ್ಲಿಂದ ಕಿರುವಿಡಿಯೊಗಳು, ಅಲ್ಲಿಂದ ಜನ ಜಗಳವಾಡುವ ಚರ್ಚೆಗಳು ಎಂದು ದಿನಕ್ಕೆ ಮೂರು ನಾಲ್ಕು ಗಂಟೆ ಹಾಳಾಗುತ್ತಿದೆ. ರಾತ್ರಿ ಮಲಗಿದ ಮೇಲೂ ಮೊಬೈಲಿನಲ್ಲಿ ಅದೇ ಮುಂದುವರಿಯುತ್ತದೆ. ಒಂದು ವರ್ಷದಲ್ಲಿ ಮೂರು ಸಲ ತಾಣಗಳನ್ನು ಬ್ಲಾಕ್ ಮಾಡುವ ತಂತ್ರಾಂಶ ಹಾಕಿಕೊಂಡೆ, ಮೂರು ಸಲವೂ ವಾರ ತುಂಬುವ ಮೊದಲೇ ನಾನೇ ತೆಗೆದುಹಾಕಿದೆ. ನನ್ನ ಮನಸ್ಸೇ ಗಟ್ಟಿಯಿಲ್ಲ ಎನಿಸುತ್ತದೆ. ಇವುಗಳಿಂದ ನಿಜಕ್ಕೂ ಉಪಯೋಗವಿದೆಯೇ? ಇದ್ದರೆ, ನನ್ನಿಂದಲೇ ಮುರಿಯಲಾಗದಂಥದ್ದು ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಮಾಹಿತಿ ನೀವು ನಾಚಿಕೆಯಿಂದ ಬರೆದಿರುವ ವಾಕ್ಯದಲ್ಲೇ ಇದೆ: ಮೂರು ಸಲ ಹಾಕಿದಿರಿ, ಮೂರು ಸಲ ತೆಗೆದಿರಿ. ನೀವು ಅದನ್ನು ಮನಸ್ಸಿನ ದೌರ್ಬಲ್ಯಕ್ಕೆ ಸಾಕ್ಷಿಯೆಂದು ಭಾವಿಸಿದ್ದೀರಿ. ನಾನು ಅದನ್ನು ಮೂರು ಪರೀಕ್ಷೆಗಳ ಫಲಿತಾಂಶವೆಂದು ಓದುತ್ತೇನೆ. ಯಾವ ತಂತ್ರಾಂಶ ಒಳ್ಳೆಯದು ಎಂಬುದು, ಆ ಮೂರು ಸಲವೂ ನೀವು ಯಾವ ಬಾಗಿಲಿನಿಂದ ಹೊರಬಿದ್ದಿರಿ ಎಂಬುದನ್ನು ಅವಲಂಬಿಸಿದೆ. ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶವಾದ ಎಕ್ಸ್‌ಟೆನ್ಶನ್ ಅನ್ನು ಒಂದೇ ಕ್ಲಿಕ್ಕಿನಲ್ಲಿ ಆಫ್ ಮಾಡಿದಿರೋ, ಬೇರೊಂದು ಬ್ರೌಸರ್ ತೆರೆದಿರೋ, ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿದ್ದ ಮೊಬೈಲನ್ನು ಎತ್ತಿಕೊಂಡಿರೋ, ಅಥವಾ ಕೆಲಸಕ್ಕೆ ನಿಜವಾಗಿಯೂ ಬೇಕಾಗಿದ್ದ ಪುಟವೊಂದು ತೆರೆಯದೆ ಸಿಟ್ಟು ಬಂದು ಎಲ್ಲವನ್ನೂ ಕಿತ್ತುಹಾಕಿದಿರೋ? ಇವು ನಾಲ್ಕಕ್ಕೂ ಮದ್ದು ಬೇರೆ ಬೇರೆ. ಮುಂದಕ್ಕೆ ಓದುವ ಮೊದಲು ಅದನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಮನಸ್ಸು ಗಟ್ಟಿಯಿಲ್ಲ ಎಂಬ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಅನಿಸಿಕೆ ಹಾಗೆಯೇ ಉಳಿದರೆ ಮುಂದೆ ಹೇಳುವ ಯಾವ ಉಪಾಯವೂ ನಾಟುವುದಿಲ್ಲ. 1974ರಲ್ಲಿ ಜಾರ್ಜ್ ಐನ್ಸ್ಲಿ ಎಂಬ ಅಮೆರಿಕದ ಸಂಶೋಧಕರು ಪಾರಿವಾಳಗಳ ಮೇಲೆ ಮಾಡಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಂಪು ದೀಪ ಹೊತ್ತಿದ ಗುಂಡಿಯನ್ನು ಕುಕ್ಕಿದರೆ ಆ ಕ್ಷಣವೇ ಸ್ವಲ್ಪ ಕಾಳು. ಕುಕ್ಕದೆ ಕೆಲವೇ ಸೆಕೆಂಡು ಕಾದರೆ ಹೆಚ್ಚು ಕಾಳು. ಪಾರಿವಾಳಗಳು ಕಾಯಲಿಲ್ಲ, ಕೆಂಪು ಕಂಡೊಡನೆ ಕುಕ್ಕಿದವು. ಆಮೇಲೆ ಐನ್ಸ್ಲಿ ಅವಕ್ಕೆ ಇನ್ನೊಂದು ದಾರಿ ತೋರಿಸಿದರು: ಕೆಂಪು ದೀಪ ಹೊತ್ತುವುದಕ್ಕೆ ಸ್ವಲ್ಪ ಮುಂಚೆ ಹಸಿರು ಗುಂಡಿಯನ್ನು ಕುಕ್ಕಿದರೆ ಕೆಂಪು ದೀಪ ಬರುವುದೇ ಇಲ್ಲ, ಹೆಚ್ಚಿನ ಕಾಳು ತಾನಾಗಿ ಬರುತ್ತದೆ. ಎಲ್ಲವೂ ಅಲ್ಲದಿದ್ದರೂ ಕೆಲವು ಪಾರಿವಾಳಗಳು ಹಸಿರನ್ನು ಕುಕ್ಕಲು ಕಲಿತವು. ಕೆಂಪು ಕಣ್ಣೆದುರಿಗಿದ್ದಾಗ ಅದೇ ಹಕ್ಕಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಕೆಂಪು ಇನ್ನೂ ದೂರವಿದ್ದಾಗ ಅದು ಬಾರದಂತೆ ನೋಡಿಕೊಳ್ಳಲು ಆಗುತ್ತಿತ್ತು. ಪಾರಿವಾಳಕ್ಕೆ ದೃಢಸಂಕಲ್ಪವಿದೆಯೆಂದು ಯಾರೂ ಹೇಳಲಾರರು. ಅಂದಮೇಲೆ ಇಲ್ಲಿ ಮುಖ್ಯವಾದದ್ದು ಸಂಕಲ್ಪವಲ್ಲ, ಹೊತ್ತು. ಬೆಳಿಗ್ಗೆ ಎಂಟಕ್ಕೆ ‘ಇವತ್ತು ಆ ಕಡೆ ಹೋಗುವುದಿಲ್ಲ’ ಎಂದುಕೊಳ್ಳುವ ನೀವೂ, ಮಧ್ಯಾಹ್ನ ಮೂರಕ್ಕೆ ಕಠಿಣವಾದ ಪ್ಯಾರಾವೊಂದು ಎದುರಾದಾಗ ಹೊಸ ಟ್ಯಾಬ್ ತೆರೆಯುವ ನೀವೂ ಒಬ್ಬರೇ. ಆಮಿಷದಿಂದ ಇರುವ ದೂರ ಮಾತ್ರ ಬೇರೆ. ಬ್ಲಾಕ್ ಮಾಡುವ ತಂತ್ರಾಂಶ ಆ ಹಸಿರು ಗುಂಡಿ.

ಎದುರು ಪಕ್ಷದ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪುಟದ ಕೊನೆಯೇ ಬಾರದಂತೆ ಕೆಳಗೆ ಸರಿದಷ್ಟೂ ಹೊಸದು ಬರುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದರ ಬಗ್ಗೆ ವಿಷಾದ ವ್ಯಕ್ತಪಡಿಸಿದ್ದಾರೆ. ಪ್ರತಿಫಲವು ಪ್ರತಿ ಸಲವೂ ಸಿಗದೆ, ಯಾವಾಗ ಸಿಗುತ್ತದೆಂದು ಗೊತ್ತಾಗದಂತೆ ಆಗೊಮ್ಮೆ ಈಗೊಮ್ಮೆ ಸಿಕ್ಕಾಗ ಪ್ರಾಣಿಗಳು ಪಟ್ಟುಬಿಡದೆ ಗುಂಡಿ ಒತ್ತುತ್ತಿರುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಮತ್ತು ಅವರ ಸಹೋದ್ಯೋಗಿ ಫರ್ಸ್ಟರ್ 1957ರ ಹೊತ್ತಿಗೇ ವಿವರವಾಗಿ ದಾಖಲಿಸಿದ್ದರು. ಹತ್ತು ವಿಡಿಯೊಗಳಲ್ಲಿ ಒಂಬತ್ತು ಸಪ್ಪೆಯಾಗಿದ್ದು ಒಂದು ಮಾತ್ರ ಚೆನ್ನಾಗಿರುವುದೇ ನಿಮ್ಮನ್ನು ಹಿಡಿದಿಡುತ್ತದೆ. ಹತ್ತೂ ಚೆನ್ನಾಗಿದ್ದಿದ್ದರೆ ಬಹುಶಃ ಬೇಗ ಹೊಟ್ಟೆ ತುಂಬಿ ಎದ್ದು ಹೋಗುತ್ತಿದ್ದಿರಿ.

ಇನ್ನು ನಿಮ್ಮ ಕೈಯನ್ನೇ ಒಂದು ದಿನ ಹತ್ತಿರದಿಂದ ಗಮನಿಸಿ. ವಾಕ್ಯವೊಂದು ಸಿಕ್ಕಿಕೊಳ್ಳುತ್ತದೆ, ಸರಿಯಾದ ಪದ ಹೊಳೆಯುವುದಿಲ್ಲ. ಎಡಗೈ ಕಂಟ್ರೋಲ್ ಕೀ ಮತ್ತು ‘ಟಿ’ಯನ್ನು ಒತ್ತಿರುತ್ತದೆ, ಬೆರಳು ಒಂದೇ ಒಂದು ಅಕ್ಷರ ಹಾಕಿರುತ್ತದೆ, ಉಳಿದ ವಿಳಾಸವನ್ನು ಬ್ರೌಸರೇ ತುಂಬಿಕೊಟ್ಟಿರುತ್ತದೆ, ಎಂಟರ್ ಬಿದ್ದಿರುತ್ತದೆ. ಇಷ್ಟಾಗಲು ಎರಡು ಸೆಕೆಂಡು ಬೇಕಿಲ್ಲ, ಮತ್ತು ಇದರಲ್ಲಿ ಎಲ್ಲಿಯೂ ‘ನೋಡಲೇ, ಬೇಡವೇ’ ಎಂಬ ಆಲೋಚನೆ ನಡೆದಿರುವುದಿಲ್ಲ. ನಾನು ಮೊದಲ ಸಲ ಇಂಥ ತಡೆ ಹಾಕಿಕೊಂಡಾಗ ನನ್ನನ್ನು ಬೆಚ್ಚಿಬೀಳಿಸಿದ್ದು ಇದೇ: ಬ್ಲಾಕ್ ಆಗಿದೆ ಎಂಬ ಖಾಲಿ ಪುಟ ಎದುರಿಗೆ ಬಂದಾಗಲೇ ನಾನು ಆ ವಿಳಾಸ ಟೈಪ್ ಮಾಡಿದ್ದೇನೆಂಬ ಅರಿವಾಯಿತು. ಹಾಗಾಗಿ ತಂತ್ರಾಂಶದ ಮೊದಲ ಉಪಯೋಗ ತಡೆಯುವುದಲ್ಲ, ಎಚ್ಚರಿಸುವುದು. ಬ್ರೌಸರ್ ತುಂಬಿಕೊಡುವ ಆ ಸಲಹೆಯನ್ನು ಇವತ್ತೇ ಅಳಿಸಿ. ವಿಳಾಸದ ಪಟ್ಟಿಯಲ್ಲಿ ಅದರ ಮೇಲೆ ನಿಂತು ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿದರೆ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಸಾಮಾನ್ಯವಾಗಿ ಹೋಗುತ್ತದೆ. ಇದು ಚಿಕ್ಕ ಕೆಲಸ; ಇದಕ್ಕೆ ಯಾವ ತಂತ್ರಾಂಶವೂ ಬೇಡ.

ಈಗ ತಂತ್ರಾಂಶಗಳ ವಿಷಯ. ಇವು ಕೆಲಸ ಮಾಡುವ ಜಾಗ ಬೇರೆ ಬೇರೆ, ಮತ್ತು ಜಾಗ ಬದಲಾದಂತೆ ನುಸುಳುವ ದಾರಿಯೂ ಬದಲಾಗುತ್ತದೆ.

ಬ್ರೌಸರಿನೊಳಗೇ ಕೂರುವ ಲೀಚ್‌ಬ್ಲಾಕ್‌, ಸ್ಟೇಫೋಕಸ್ಡ್‌ನಂಥ ಎಕ್ಸ್‌ಟೆನ್ಶನ್‌ಗಳು ಬಹಳ ಸೂಕ್ಷ್ಮವಾಗಿ ಕೆಲಸ ಮಾಡಬಲ್ಲವು. ವಿಡಿಯೊ ತಾಣವೊಂದರಲ್ಲಿ ಉಪನ್ಯಾಸಗಳನ್ನು ಬಿಟ್ಟು ಕಿರುವಿಡಿಯೊಗಳ ಭಾಗವನ್ನಷ್ಟೇ ತಡೆಯುವುದು, ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಬಿಡುವುದು, ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಎಂದು ಗೊತ್ತುಮಾಡುವುದು ಇವುಗಳಿಂದ ಸಾಧ್ಯ, ಏಕೆಂದರೆ ಪುಟದ ಪೂರ್ತಿ ವಿಳಾಸ ಬ್ರೌಸರಿಗೆ ಗೊತ್ತಿರುತ್ತದೆ. ಲೀಚ್‌ಬ್ಲಾಕ್‌ನಲ್ಲಿ ನನಗೆ ಮೆಚ್ಚಿಗೆಯಾದ ಎರಡು ಸೌಲಭ್ಯಗಳಿವೆ. ಪುಟವನ್ನು ಪೂರ್ತಿ ತಡೆಯದೆ ತೆರೆಯುವುದನ್ನು ತಡಮಾಡುವ ಎಣಿಕೆ ಒಂದು. ಸೆಟ್ಟಿಂಗ್ಸ್ ಬದಲಿಸಬೇಕೆಂದರೆ ಅರ್ಥವಿಲ್ಲದ ಉದ್ದನೆಯ ಅಕ್ಷರಸಾಲನ್ನು ನೋಡಿ ನೋಡಿ ಟೈಪ್ ಮಾಡಬೇಕಾಗುವ ವ್ಯವಸ್ಥೆ ಇನ್ನೊಂದು. ಆ ಸಾಲನ್ನು ಅರ್ಧ ಟೈಪ್ ಮಾಡುವಷ್ಟರಲ್ಲಿ ಆಸೆ ಇಳಿದುಹೋಗುವುದು ನನ್ನ ಅನುಭವದಲ್ಲಿ ಹೆಚ್ಚು. ಆದರೆ ಎಕ್ಸ್‌ಟೆನ್ಶನ್ ಅನ್ನೇ ತೆಗೆದುಹಾಕಲು ಎರಡು ಕ್ಲಿಕ್ ಸಾಕು. ಕ್ರೋಮಿನ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ, ನೀವಾಗಿ ಅನುಮತಿ ಕೊಡದ ಹೊರತು, ಎಕ್ಸ್‌ಟೆನ್ಶನ್‌ಗಳು ನಡೆಯುವುದೇ ಇಲ್ಲ. ಇನ್ನೊಂದು ಬ್ರೌಸರ್ ಇದ್ದರಂತೂ ಕಥೆ ಮುಗಿಯಿತು. ಚಾಪೆಯ ಕೆಳಗೆ ತೂರಿದವರನ್ನು ಹಿಡಿದರೆ ರಂಗೋಲಿಯ ಕೆಳಗೆ ತೂರುವ ಬುದ್ಧಿ ನಮ್ಮೆಲ್ಲರಿಗೂ ಇದೆ, ಇಲ್ಲಿ ಹಿಡಿಯುವವರೂ ತೂರುವವರೂ ಒಬ್ಬರೇ ಆಗಿರುವುದರಿಂದ ತೂರುವವರಿಗೆ ಎಲ್ಲ ಸಂದುಗಳೂ ಮೊದಲೇ ಗೊತ್ತು.

ಎರಡನೆಯ ಜಾಗ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ‘ಹೋಸ್ಟ್ಸ್’ ಎಂಬ ಒಂದು ಹಳೆಯ ಪಠ್ಯ ಕಡತವಿದೆ. ತಾಣದ ಹೆಸರಿಗೆ ಮುಂಚೆ 127.0.0.1 (ಕಂಪ್ಯೂಟರ್ ತನ್ನನ್ನೇ ಗುರುತಿಸಿಕೊಳ್ಳುವ ವಿಳಾಸ) ಎಂದು ಅದರಲ್ಲಿ ಬರೆದರೆ ಕಂಪ್ಯೂಟರ್ ಆ ತಾಣವನ್ನು ಹೊರಗೆಲ್ಲೂ ಹುಡುಕದೆ ತನ್ನಲ್ಲೇ ಹುಡುಕಿ ಬರಿಗೈಯಲ್ಲಿ ಮರಳುತ್ತದೆ. ಬ್ರೌಸರ್ ಯಾವುದಾದರೂ ಸಾಮಾನ್ಯವಾಗಿ ಇದೇ ತಡೆ ಅನ್ವಯಿಸುತ್ತದೆ, ಖರ್ಚಿಲ್ಲ; ಆದರೆ ಆ ಸಾಲನ್ನು ಅಳಿಸಲು ಅರ್ಧ ನಿಮಿಷ ಸಾಕು. ಮ್ಯಾಕ್‌ಗೆ ಇರುವ ಸೆಲ್ಫ್‌ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಈ ಮಟ್ಟದಲ್ಲೇ ಕೆಲಸ ಮಾಡುತ್ತದೆ, ಆದರೆ ಹಟಮಾರಿ: ಅವಧಿ ಗೊತ್ತುಮಾಡಿ ಆರಂಭಿಸಿದ ಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದರೂ, ತಂತ್ರಾಂಶವನ್ನೇ ಅಳಿಸಿದರೂ ಅವಧಿ ಮುಗಿಯುವವರೆಗೆ ತಡೆ ಹೋಗುವುದಿಲ್ಲ. ವಿಂಡೋಸ್ ಬಳಸುವವರಿಗೆ ಕೋಲ್ಡ್ ಟರ್ಕಿ ಇದೇ ಜಾತಿಯದು. 2008ರಲ್ಲಿ ಫ್ರೆಡ್ ಸ್ಟಟ್ಸ್‌ಮನ್ ರೂಪಿಸಿದ ಫ್ರೀಡಂ ಎಂಬ ತಂತ್ರಾಂಶದ ಮೊದಲ ರೂಪ ಇದಕ್ಕಿಂತ ಸರಳವಾಗಿತ್ತು; ಅದು ಇಂಟರ್ನೆಟ್ಟನ್ನೇ ಪೂರ್ತಿ ನಿಲ್ಲಿಸುತ್ತಿತ್ತು, ಹೊರಬರಬೇಕಾದರೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕಿತ್ತು. ಅದು ಬೀಗವಲ್ಲ, ಬರೀ ಕಿರಿಕಿರಿ. ಒಂದೆರಡು ನಿಮಿಷದ ಆ ಕಿರಿಕಿರಿಯೇ ಅದರ ಬಲವಾಗಿತ್ತು. ನೀವು ಕೇಳಿದ ‘ಮುರಿಯಲಾಗದ’ ತಂತ್ರಾಂಶಕ್ಕೆ ನನ್ನ ಉತ್ತರ ಇದರಲ್ಲೇ ಇದೆ: ನಿಮ್ಮದೇ ಯಂತ್ರದಲ್ಲಿ, ಎಲ್ಲವನ್ನೂ ಬದಲಿಸುವ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಖಾತೆ ನಿಮ್ಮ ಕೈಯಲ್ಲೇ ಇರುವಾಗ, ಮುರಿಯಲಾಗದ್ದು ಎಂಬುದಿಲ್ಲ. ಆದರೆ ಅದು ಬೇಕಾಗಿಯೂ ಇಲ್ಲ. ಮುರಿಯಲು ತಗಲುವ ಹೊತ್ತು ಆಸೆಯ ಆಯುಸ್ಸಿಗಿಂತ ಹೆಚ್ಚಿದ್ದರೆ ಸಾಕು.

ಮೂರನೆಯದು ರೂಟರಿನ, ಅಂದರೆ ಮನೆಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆಯ, ಮಟ್ಟ. ತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಸೇವೆಯನ್ನೇ ಸೋಸುವ ಸೇವೆಯಾಗಿ ಬದಲಿಸಿದರೆ ಮನೆಯ ವೈಫೈಯಲ್ಲಿರುವ ಎಲ್ಲ ಸಾಧನಗಳಿಗೂ ಒಮ್ಮೆಗೇ ತಡೆ ಬೀಳುತ್ತದೆ. ವಯಸ್ಕರ ತಾಣಗಳನ್ನು ದೂರವಿಡುವುದು ಉದ್ದೇಶವಾಗಿದ್ದರೆ ಇದು ಒಳ್ಳೆಯ ದಾರಿ; ಕ್ಲೌಡ್‌ಫ್ಲೇರ್ ಎಂಬ ಕಂಪನಿ 2020ರಲ್ಲಿ ಆರಂಭಿಸಿದ 1.1.1.3 ಎಂಬ ಉಚಿತ ಸೇವೆ ಅದನ್ನೇ ಮಾಡುತ್ತದೆ. ಆದರೆ ಡಿಎನ್‌ಎಸ್‌ಗೆ ಕಾಣುವುದು ತಾಣದ ಹೆಸರು ಮಾತ್ರ, ಅದರೊಳಗಿನ ಪುಟವಲ್ಲ. ಉಪನ್ಯಾಸ ಬೇಕು ಕಿರುವಿಡಿಯೊ ಬೇಡ ಎನ್ನುವ ನಿಮಗೆ ಅದು ಒರಟು ಆಯುಧ. ಈಗಿನ ಬ್ರೌಸರುಗಳು ‘ಸೆಕ್ಯೂರ್ ಡಿಎನ್‌ಎಸ್’ ಎಂಬ ಸೌಲಭ್ಯದ ಮೂಲಕ ರೂಟರ್ ಸೂಚಿಸುವ ಸೇವೆಯನ್ನು ಬಿಟ್ಟು ನೇರವಾಗಿ ಬೇರೆ ಕಡೆ ವಿಳಾಸ ಕೇಳಬಲ್ಲವು, ಮೊಬೈಲಿನಲ್ಲಿ ವೈಫೈ ಆರಿಸಿ ಡೇಟಾ ಹಾಕಿದರೂ ರೂಟರಿನ ಕಾವಲು ತಪ್ಪುತ್ತದೆ. ನಿಮ್ಮ ಸಮಸ್ಯೆಗೆ ಇದನ್ನು ನಾನು ಸೂಚಿಸುವುದಿಲ್ಲ.

ಮೊಬೈಲ್ ಬೇರೆಯದೇ ಲೋಕ, ಮತ್ತು ನನ್ನ ಅನುಮಾನ ಏನೆಂದರೆ ನಿಮ್ಮ ಮೂರು ಪ್ರಯತ್ನಗಳಲ್ಲಿ ಒಂದಾದರೂ ಅಲ್ಲಿಯೇ ಸೋತಿದೆ. ಕಂಪ್ಯೂಟರಿನಲ್ಲಿ ಎಷ್ಟೇ ಬಿಗಿ ಮಾಡಿದರೂ ಅದೇ ತಾಣದ ಆ್ಯಪ್ ಮೇಜಿನ ಮೇಲೆ ಕೈಗೆಟಕುವಂತೆ ಬಿದ್ದಿದ್ದರೆ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಐಫೋನಿನಲ್ಲಿ 2018ರಿಂದ ಇರುವ ಸ್ಕ್ರೀನ್ ಟೈಮ್ ಸೌಲಭ್ಯ ಆ್ಯಪ್‌ಗಳಿಗೂ ತಾಣಗಳಿಗೂ ದಿನದ ಮಿತಿ ಹಾಕುತ್ತದೆ; ಆದರೆ ಮಿತಿ ಮುಗಿದಾಗ ಬರುವ ಪರದೆಯಲ್ಲೇ ಇನ್ನೊಂದು ನಿಮಿಷ, ಇನ್ನು ಹದಿನೈದು ನಿಮಿಷ, ಇವತ್ತಿಗೆ ಮಿತಿಯೇ ಬೇಡ ಎಂಬ ಆಯ್ಕೆಗಳನ್ನೂ ಜೋಡಿಸಿ ಇಟ್ಟಿರುತ್ತಾರೆ. ಸ್ಕ್ರೀನ್ ಟೈಮ್‌ಗೆ ಪ್ರತ್ಯೇಕ ಪಾಸ್‌ಕೋಡ್ ಹಾಕಿ, ಮಿತಿ ಮುಗಿದೊಡನೆ ತಡೆಯುವ ಆಯ್ಕೆಯನ್ನು ಆನ್ ಮಾಡಿ, ಆ ಪಾಸ್‌ಕೋಡನ್ನು ಬೇರೆಯವರ ಕೈಯಿಂದ ಹಾಕಿಸಿದಾಗ ಮಾತ್ರ ಅದು ತಡೆಯೆನ್ನಿಸಿಕೊಳ್ಳುತ್ತದೆ. ಆಂಡ್ರಾಯ್ಡಿನಲ್ಲಿ ಇಂಥದ್ದೇ ಸೌಲಭ್ಯವಾದ ಡಿಜಿಟಲ್ ವೆಲ್‌ಬೀಯಿಂಗ್‌ನ ಟೈಮರನ್ನು ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ತೆಗೆಯಬಹುದು, ಆದ್ದರಿಂದ ಅದನ್ನು ಜ್ಞಾಪನೆಯೆಂದು ತಿಳಿಯಿರಿ, ಬೀಗವೆಂದಲ್ಲ. ರಾತ್ರಿಯ ವಿಷಯಕ್ಕೆ ನಾನು ಯಾವ ತಂತ್ರಾಂಶವನ್ನೂ ಹೇಳುವುದಿಲ್ಲ: ಮೊಬೈಲನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ, ಎಬ್ಬಿಸಲು ಅಲಾರಾಂ ಗಡಿಯಾರವೊಂದನ್ನು ಇಟ್ಟುಕೊಳ್ಳಿ. ಹಾಸಿಗೆಯಲ್ಲಿ ಒರಗಿದ, ನಿದ್ದೆಗೆಟ್ಟ ಮನುಷ್ಯನ ಎದುರು ಗೆಲ್ಲುವ ತಂತ್ರಾಂಶವನ್ನು ನಾನು ಕಂಡಿಲ್ಲ. ಹತ್ತು ಹೆಜ್ಜೆ ನಡೆಯಬೇಕಾದ ಸೋಮಾರಿತನ ಗೆಲ್ಲುವುದನ್ನು ಕಂಡಿದ್ದೇನೆ.

ಎಚ್ಚರಿಕೆಯ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಕ್ಸ್‌ಟೆನ್ಶನ್ ಹಾಕುವಾಗ ‘ಎಲ್ಲ ತಾಣಗಳಲ್ಲಿ ನಿಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಿಸಲು’ ಅನುಮತಿ ಕೇಳುತ್ತದೆ. ಆಂಡ್ರಾಯ್ಡಿನ ಬ್ಲಾಕ್ ಮಾಡುವ ಆ್ಯಪ್‌ಗಳಲ್ಲಿ ಹಲವು ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಪಡೆದು ಪರದೆಯ ಮೇಲೆ ಏನು ನಡೆಯುತ್ತಿದೆಯೆಂದು ನೋಡುತ್ತವೆ, ಇನ್ನು ಕೆಲವು ವಿಪಿಎನ್ ಆಗಿ ನಿಂತು ಸಂಚಾರವನ್ನೆಲ್ಲ ತಮ್ಮ ಮೂಲಕ ಹಾಯಿಸುತ್ತವೆ. ತಡೆಯಲು ಕೆಲವು ಸಲ ಇಷ್ಟು ಅಧಿಕಾರ ಬೇಕೇ ಬೇಕು. ಆದರೆ ಅಷ್ಟೇ ಅಧಿಕಾರದಿಂದ ನೀವು ಎಲ್ಲೆಲ್ಲಿ ಹೋಗುತ್ತೀರಿ, ಏನು ಓದುತ್ತೀರಿ ಎಂಬುದನ್ನು ಕೂಡಿಸಿ ಮಾರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮೂಲ ಕೋಡ್ ಬಹಿರಂಗವಾಗಿರುವ ತಂತ್ರಾಂಶವನ್ನೋ, ಹಣ ಕೊಟ್ಟು ಪಡೆಯುವ, ವರ್ಷಗಳಿಂದ ಬಳಕೆಯಲ್ಲಿರುವ ತಂತ್ರಾಂಶವನ್ನೋ ಆರಿಸಿಕೊಳ್ಳಿ. ಯಾರು ಮಾಡಿದ್ದಾರೆಂದೇ ತಿಳಿಯದ ಉಚಿತ ಆ್ಯಪ್ ಬೇಡ.

ಇನ್ನು ನಿಮಗೆ ತಕ್ಕ ಜೋಡಣೆ ಯಾವುದು? ನೀವು ಅನುವಾದಕರು, ನಿಘಂಟು ಬೇಕು, ಹುಡುಕಾಟ ಬೇಕು, ಕೆಲವೊಮ್ಮೆ ಸುದ್ದಿಪುಟವೂ ಬೇಕು. ಆದ್ದರಿಂದ ‘ಇವನ್ನು ಬಿಟ್ಟು ಬೇರಾವುದೂ ತೆರೆಯಕೂಡದು’ ಎಂಬ ಅನುಮತಿಪಟ್ಟಿ ನಿಮಗೆ ಆಗಿಬರುವುದಿಲ್ಲ. ಕೆಲಸಕ್ಕೆ ಬೇಕಾದದ್ದು ತೆರೆಯದಿದ್ದಾಗ ಹುಟ್ಟುವ ನ್ಯಾಯವಾದ ಸಿಟ್ಟೇ ಇಡೀ ತಡೆಯನ್ನು ಕಿತ್ತುಹಾಕಲು ನೆಪವಾಗುತ್ತದೆ. ನಿಮ್ಮ ಪತ್ರದ ಧಾಟಿ ನೋಡಿದರೆ ಹಿಂದೆ ಹೀಗೆಯೇ ಆಗಿರಬಹುದೆಂದು ಅನಿಸುತ್ತದೆ. ಕೆಲಸದ ಗಂಟೆಗಳಲ್ಲಿ, ಬೆಳಿಗ್ಗೆ ಎರಡು ಗಂಟೆ ಹೊತ್ತು ಮತ್ತು ಮಧ್ಯಾಹ್ನ ಎರಡು ಗಂಟೆ ಹೊತ್ತು ಎಂದಿಟ್ಟುಕೊಳ್ಳೋಣ, ಮೂರೇ ಮೂರು ಕೆಟ್ಟ ತಾಣಗಳನ್ನು ಕಂಪ್ಯೂಟರ್ ಮಟ್ಟದ ತಂತ್ರಾಂಶದಿಂದ ಬಿಗಿಯಾಗಿ ತಡೆಯಿರಿ. ಉಳಿದವನ್ನು ಎಕ್ಸ್‌ಟೆನ್ಶನ್ನಿನ ಎಣಿಕೆಗೆ ಒಪ್ಪಿಸಿ: ಅರವತ್ತು ಸೆಕೆಂಡು ಕಾದರೆ ತೆರೆಯಲಿ. ನಿಜವಾಗಿ ಬೇಕಿದ್ದವರು ಒಂದು ನಿಮಿಷ ಕಾಯುತ್ತಾರೆ. ಬೆರಳು ತಾನಾಗಿ ಹೋದದ್ದಾಗಿದ್ದರೆ ಹತ್ತನೆಯ ಸೆಕೆಂಡಿಗೇ ಟ್ಯಾಬ್ ಮುಚ್ಚುತ್ತಾರೆ. ಬಳಸದ ಬ್ರೌಸರುಗಳನ್ನು ತೆಗೆದುಹಾಕಿ. ಆ ನಾಲ್ಕು ಗಂಟೆ ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಕರೆ ಬಂದರೆ ಕೇಳಿಸುವಷ್ಟು ದೂರದಲ್ಲಿ. ಇದಕ್ಕೆಲ್ಲ ಮೇಲೆ ಒಂದು ನಿಯಮ: ಪಟ್ಟಿಯನ್ನೋ ವೇಳೆಯನ್ನೋ ಸಡಿಲಿಸಬೇಕೆನಿಸಿದರೆ ಕಾಗದದಲ್ಲಿ ಬರೆದಿಟ್ಟು ಮರುದಿನ ಬೆಳಿಗ್ಗೆ ಮಾತ್ರ ಸಡಿಲಿಸಿ. ಬಿಗಿ ಮಾಡುವುದಾದರೆ ಯಾವ ಹೊತ್ತಿನಲ್ಲಿಯೂ ಮಾಡಬಹುದು.

ಪಾಸ್‌ವರ್ಡನ್ನು ಇನ್ನೊಬ್ಬರ ಕೈಗೆ ಕೊಡುವವರು ಒಂದು ಸಂಗತಿ ನೋಡಿಕೊಳ್ಳಬೇಕು. ಕೇಳಿದಾಗಲೆಲ್ಲ ಕೊಟ್ಟುಬಿಡುವ ಮೃದುಸ್ವಭಾವದವರೂ ಬೇಡ, ಪ್ರತಿ ಸಲ ಕೇಳಿದಾಗ ಬುದ್ಧಿ ಹೇಳುವವರೂ ಬೇಡ. ಎರಡನೆಯವರು ಹೆಚ್ಚು ಅಪಾಯಕಾರಿ. ಬುದ್ಧಿಮಾತಿನ ಭಯಕ್ಕೆ ಜನ ಕಳ್ಳದಾರಿ ಹುಡುಕುತ್ತಾರೆ, ಆಗ ತಾಣ ನೋಡುವ ಅಭ್ಯಾಸದ ಜೊತೆಗೆ ಮುಚ್ಚಿಡುವ ಅಭ್ಯಾಸವೂ ಸೇರಿಕೊಳ್ಳುತ್ತದೆ.

ಎಷ್ಟು ದಿನ ಇಟ್ಟುಕೊಳ್ಳಬೇಕು? ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಬದಲಾಗುತ್ತದೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ನಂಬಬೇಡಿ. ಲಂಡನ್ನಿನ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ನಡವಳಿಕೆಯೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಇತ್ತು; ಹನ್ನೆರಡು ವಾರ ಮೀರಿದ ಅಂಕಿಗಳು ಲೆಕ್ಕಹಾಕಿದ ಅಂದಾಜು. ಅದು ತಿನ್ನುವುದು, ಕುಡಿಯುವುದು, ವ್ಯಾಯಾಮ ಇವುಗಳಲ್ಲಿ ಹೊಸದನ್ನು ಕಲಿಯುವ ಅಧ್ಯಯನ, ಹಳೆಯದನ್ನು ಬಿಡುವುದಲ್ಲ, ಆದ್ದರಿಂದ ಆ ಅಂಕಿಯನ್ನು ನಿಮಗೆ ಹಾಗೆಯೇ ಅಂಟಿಸಲಾರೆ. ಆದರೂ ಅದರಲ್ಲಿ ನಿಮಗೆ ಒದಗುವ ಒಂದು ಸಂಗತಿಯಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ನೀವು ವಾರದೊಳಗೆ ತಂತ್ರಾಂಶವನ್ನೇ ತೆಗೆದುಹಾಕಿದ್ದು ಬಹುಶಃ ಒಂದು ದಿನ ಸೋತದ್ದಕ್ಕೆ. ‘ಹೇಗೂ ಹೋಯಿತಲ್ಲ’ ಎಂಬ ಭಾವ ಆ ಒಂದು ಗಂಟೆಯ ಸೋಲಿಗಿಂತ ಹೆಚ್ಚು ಕೆಡಿಸುತ್ತದೆ. ಚಟಗಳ ಮರುಕಳಿಕೆಯನ್ನು ಅಭ್ಯಸಿಸಿದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಈ ಭಾವವನ್ನೇ ಮರುಕಳಿಕೆಯ ದೊಡ್ಡ ಕಾರಣಗಳಲ್ಲೊಂದೆಂದು ಗುರುತಿಸಿದ್ದರು. ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳಿ, ನಡುವೆ ಎಷ್ಟೇ ಸಲ ನುಸುಳಿದರೂ ತಂತ್ರಾಂಶ ಅಲ್ಲಿಯೇ ಇರಲಿ.

ಮೊದಲ ವಾರ ಇನ್ನೊಂದು ವಿಚಿತ್ರ ನಡೆಯುತ್ತದೆ. ಬ್ಲಾಕ್ ಮಾಡಿದ ತಾಣದ ಜಾಗಕ್ಕೆ ನೀವು ಈವರೆಗೆ ಮೂಸಿಯೂ ನೋಡದ ತಾಣವೊಂದು ಬಂದು ಕೂರುತ್ತದೆ: ಹವಾಮಾನ, ಸಾಮಾನು ಕೊಳ್ಳುವ ತಾಣ, ವಿಶ್ವಕೋಶದಲ್ಲಿ ಯಾವುದೋ ರಾಜವಂಶದ ಪುಟ. ಅದನ್ನೂ ಪಟ್ಟಿಗೆ ಸೇರಿಸುತ್ತ ಹೋದರೆ ಕೊನೆಯಿಲ್ಲ. ಹೊಸ ತಾಣ ಬಂದಾಗಲೆಲ್ಲ ಅದಕ್ಕೆ ಹಿಂದಿನ ನಿಮಿಷ ಏನು ಮಾಡುತ್ತಿದ್ದಿರಿ ಎಂದು ಒಂದು ಪದದಲ್ಲಿ ಗುರುತು ಹಾಕಿಕೊಳ್ಳಿ. ‘ಕಷ್ಟದ ವಾಕ್ಯ’, ‘ಬೇಸರ’, ‘ಹಣದ ಚಿಂತೆ’ ಎಂಬಂಥ ಮೂರು ನಾಲ್ಕು ಪದಗಳೇ ಮತ್ತೆ ಮತ್ತೆ ಬರುತ್ತವೆ. ಕಷ್ಟದ ವಾಕ್ಯವೇ ಕಾರಣವಾದರೆ ಎದ್ದು ನಿಂತು ಆ ವಾಕ್ಯವನ್ನು ಗಟ್ಟಿಯಾಗಿ ಓದಿ, ಇಲ್ಲವೇ ಗುರುತು ಹಾಕಿ ಮುಂದಿನದಕ್ಕೆ ಹೋಗಿ. ಬೆರಳಿಗೆ ಹೋಗಲು ಬೇರೊಂದು ಕಡೆ ಬೇಕು. ಖಾಲಿ ಬಿಟ್ಟರೆ ಅದು ಹಳೆಯ ಕಡೆಗೇ ತಿರುಗುತ್ತದೆ.

ತಂತ್ರಾಂಶದ ಮಾತು ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಮತ್ತು ಜೂಜಿನ ವ್ಯಸನಗಳಿವೆ, ‘ಇಂಟರ್ನೆಟ್ ಚಟ’ ಎಂಬ ಪ್ರತ್ಯೇಕ ಕಾಯಿಲೆಯಿಲ್ಲ. ಆದರೂ ಅಲ್ಲಿ ಹೇಳಿರುವ ಲಕ್ಷಣಗಳು ಅಳತೆಗೋಲಾಗಿ ಒದಗುತ್ತವೆ: ನಿಯಂತ್ರಣ ತಪ್ಪಿರುವುದು, ಜೀವನದ ಬೇರೆಲ್ಲಕ್ಕಿಂತ ಅದಕ್ಕೇ ಆದ್ಯತೆ, ಹಾನಿಯಾಗುತ್ತಿದೆಯೆಂದು ತಿಳಿದರೂ ಮುಂದುವರಿಸುವುದು, ಮತ್ತು ಸಾಮಾನ್ಯವಾಗಿ ಇದು ಒಂದು ವರ್ಷದಷ್ಟಾದರೂ ನಡೆದಿರುವುದು. ಕೆಲಸ ಕೈತಪ್ಪುತ್ತಿದ್ದರೆ, ನಿದ್ದೆ ತಿಂಗಳುಗಟ್ಟಲೆ ಕೆಟ್ಟಿದ್ದರೆ, ಪರದೆಯನ್ನು ಆರಿಸಿದೊಡನೆ ತಾಳಲಾಗದ ಆತಂಕವೋ ಖಿನ್ನತೆಯೋ ಆವರಿಸುತ್ತಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಅಲ್ಲಿ ತಂತ್ರಾಂಶ ಚಿಕಿತ್ಸೆಗೆ ಜೊತೆಗಾರ ಮಾತ್ರ. ನೀವು ಬರೆದಿರುವಷ್ಟರಿಂದ ನಿಮ್ಮ ಸ್ಥಿತಿ ಅಲ್ಲಿಯವರೆಗೆ ಹೋಗಿದೆಯೆಂದು ನನಗೆ ತೋರುವುದಿಲ್ಲ, ಆದರೆ ರಾತ್ರಿಯ ನಿದ್ದೆಯ ಮೇಲೆ ಕಣ್ಣಿರಲಿ.

ಇಷ್ಟನ್ನು ಹೊಂದಿಸಲು ಅರ್ಧ ಗಂಟೆ ಬೇಕು. ಅದನ್ನು ಸೋತ ರಾತ್ರಿ ಪಶ್ಚಾತ್ತಾಪದ ಭರದಲ್ಲಿ ಮಾಡಬೇಡಿ, ಆಗ ಮನಸ್ಸು ತನ್ನನ್ನು ಶಿಕ್ಷಿಸಿಕೊಳ್ಳುವಷ್ಟು ಬಿಗಿಯಾದ ಪಟ್ಟಿ ಮಾಡುತ್ತದೆ, ಅದು ಮೂರು ದಿನವೂ ನಿಲ್ಲುವುದಿಲ್ಲ. ಕೆಲಸವಿಲ್ಲದ ದಿನ ಬೆಳಿಗ್ಗೆ, ಹೊಟ್ಟೆ ತುಂಬಿರುವಾಗ ಕೂತು ಮಾಡಿ. ಈ ನಾಲ್ಕನೆಯದನ್ನೂ ಮುರಿದರೆ ಮುರಿಯಿರಿ, ಆದರೆ ಯಾವ ಸಂದಿನಿಂದ ಹೊರಬಿದ್ದಿರಿ ಎಂಬುದನ್ನು ಅದೇ ದಿನ ಬರೆದಿಟ್ಟುಕೊಂಡು ನನಗೆ ತಿಳಿಸಿ. ಮುಂದಿನ ಬೀಗವನ್ನು ಅಲ್ಲಿಗೆ ಹಾಕೋಣ.